ಕಿವಿಯ ಕೆಂಪು ಬಿಲ್ಲೆ

ಕುರಿಗಳ ನಡುವೆ ಬೆಳೆದವನು ನಾನು, ಹೇಳುತ್ತೇನೆ ಕೇಳಿ. ಟಿಬೆಟ್ಟಿನ ಕುರಿಗಾಹಿಗಳು ಯಾವ ಕುರಿಯ ಕಿವಿಗೆ ಮಂತ್ರ ಹೇಳಿ ಕೆಂಪು ದಾರ ಕಟ್ಟುತ್ತಾರೋ, ಅದನ್ನು ಯಾರೂ ಕಡಿಯುವಂತಿಲ್ಲ. ಅಂಥ ದಾರದ ಮುದಿ ಕುರಿಯೊಂದರ ಮುಂದೆ ಎಳೆ ಟಗರೊಂದು ಕಿವಿ ಕುಣಿಸುತ್ತ ಬಂತು. ಆ ಕಿವಿಗೆ, ಹುಲ್ಲುಗಾವಲಿನಲ್ಲಿ ಡೇರೆ ಹಾಕಿದ್ದ ಸಂಶೋಧಕರು ಕೆಂಪು ಬಿಲ್ಲೆ ಹೊಡೆದಿದ್ದರು.

"ನೋಡಜ್ಜಿ, ನಿಂದು ಬರೀ ನೂಲು, ನಂದು ಬಿಲ್ಲೆ! ಇನ್ನು ನನ್ನನ್ನು ಕಡಿಯೋ ಗಂಡು ಹುಟ್ಟಿಲ್ಲ."

"ಹಾಕಿದವರು ಮಂತ್ರ ಹೇಳಿದರೇನೋ ಮಗಾ?"

"ಮಂತ್ರ ಯಾಕೆ? ಎದೆಗೆ ಕೊಳವೆಯಿಟ್ಟು ಕೇಳಿದರು. ಉಸಿರಿಗೆ ಗಾಳಿ ಸಾಲದ ಈ ಎತ್ತರದಲ್ಲಿ ಇಂಥ ಶ್ವಾಸಕೋಶ ಕಂಡೇ ಇಲ್ಲ, ಒಳಗೆ ಹೇಗಿದೆಯೋ ನೋಡಲೇಬೇಕು ಅಂದರು."

ಮುದಿ ಕುರಿ ಅದನ್ನು ತಲೆಯಿಂದ ಗುಡ್ಡದ ಕಡೆಗೆ ನೂಕಿತು. "ಓಡು ಮಗಾ, ಗುಡ್ಡ ದಾಟಿ ಓಡು! ಒಳಗಿರೋದನ್ನು ನೋಡೋಕೆ ಅವರು ನಿನ್ನನ್ನು ಸೀಳ್ತಾರೆ."

"ನಿನಗೆ ಹೊಟ್ಟೆಕಿಚ್ಚು," ಎಂದು ನಕ್ಕ ಟಗರು ಎದೆಯುಬ್ಬಿಸಿ ತಾನಾಗಿಯೇ ಡೇರೆಯೊಳಕ್ಕೆ ನಡೆಯಿತು.

ಸಂಜೆ ಗಾಜಿನ ಭರಣಿಯೊಂದು ಹೊರಗೆ ಬಂತು. ಅದರ ಕೊರಳಲ್ಲಿ ಆ ಬಿಲ್ಲೆ ನೇತಾಡುತ್ತಿತ್ತು. ಭರಣಿಯೊಳಗೆ ಏನಿದೆ ನೋಡಿರೋ ಎಂದು ಮುದಿ ಕುರಿ ಗಂಟಲು ಹರಿಯುವಂತೆ ಕೂಗಿತು. ಉಳಿದ ಟಗರುಗಳಿಗೆ ಕಂಡದ್ದು ಬಿಲ್ಲೆ ಮಾತ್ರ. ಬೆಳಗಾಗುವಷ್ಟರಲ್ಲಿ ಅವು ಡೇರೆಯ ಬಾಗಿಲಲ್ಲಿ ಒಂದನ್ನೊಂದು ತಳ್ಳುತ್ತ ಕಿವಿ ಚಾಚಿ ನಿಂತಿದ್ದವು.