ಮರಳಿ ಹೇಳದ ಅಪ್ಪಣೆ

"ಬುದ್ಧೀ, ಮೇಲಿನವರ ಮಾತು ಕೇಳಿ ಮಾಡಿದ ಕೆಲಸ ಕೆಟ್ಟದ್ದಾದರೆ ಆ ಪಾಪ ಯಾರದು?" ಎಂದು ಶಿಷ್ಯ ಮುರಿಗೆಯ್ಯ ಕೇಳಿದ.

ಗುರುಗಳು ಹೇಳಿದರು:

ಗಡಿಯಲ್ಲಿ ಒಂದು ಕೋಟೆ. ಅಲ್ಲೊಂದು ಕಟ್ಟಳೆ. ಅಪ್ಪಣೆ ಪಡೆದ ಸಿಪಾಯಿ ಅದನ್ನು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಮರಳಿ ಹೇಳಬೇಕು, ಆಮೇಲೆಯೇ ಕೆಲಸ. ಕೋಟೆಯ ಕಿಲ್ಲೇದಾರ ಶೂರ, ಆದರೆ ಮೂಗಿನ ತುದಿಯಲ್ಲೇ ಕೋಪ. ತನ್ನ ಮೇಲೆ ದೊರೆಗೆ ದೂರು ಬರೆದ ಸಿಪಾಯಿಯೊಬ್ಬನನ್ನು ಬಿಸಿಲಿಗೆ ನಿಲ್ಲಿಸಿದ. "ನೀರು ಕೊಡಕೂಡದು, ಇದನ್ನು ಮರಳಿ ಹೇಳಲೂ ಕೂಡದು" ಎಂದು ಕಾವಲುಗಾರನ ಕಿವಿಯಲ್ಲಿ ಹೇಳಿದ. ಸಂಜೆಯೊಳಗೆ ಸಿಪಾಯಿ ಸತ್ತ. ನೀರಿನ ಮಾತೇ ಆಡಿಲ್ಲವೆಂದು ಕಿಲ್ಲೇದಾರ ಕೈ ತೊಳೆದುಕೊಂಡ. ಕೊಲೆಯ ಆರೋಪ ಕಾವಲುಗಾರನ ತಲೆಗೆ ಬಂತು. ಅಪ್ಪಣೆ ಬೇರೆ ಯಾರ ಕಿವಿಗೂ ಬಿದ್ದಿರಲಿಲ್ಲ, ಗಲ್ಲು ಖಚಿತವಾಗಿತ್ತು.

ಅವನ ಪರ ಮಾತಾಡಲು ದಂಡಿನ ನ್ಯಾಯಸಭೆ ಒಬ್ಬ ಎಳೆಯ ಅಧಿಕಾರಿಯನ್ನು ನೇಮಿಸಿತು. ಪಾಪ, ಅವನು ಕಾಗದ ಪತ್ರ ನೋಡಿಕೊಂಡಿದ್ದವನು, ಯುದ್ಧ ಕಂಡವನಲ್ಲ. ಕಿಲ್ಲೇದಾರನ ಮೈಮೇಲಿನ ಗಾಯಗಳನ್ನು ಕಂಡರೆ ಅವನಿಗೆ ಗೌರವ, ಮುಖ ಕಂಡರೆ ನಡುಕ. ಅವನನ್ನು ಎದುರು ಹಾಕಿಕೊಂಡರೆ ಉಳಿಗಾಲವಿಲ್ಲವೆಂದು ಗೆಳೆಯರು ಬೇರೆ ಹೆದರಿಸಿದರು. ಅವನು ಹೆದರಿದ, ಹೆದರಿಕೊಂಡೇ ಸಭೆಗೆ ಹೋದ. ಅಂಥವನಿಗೆ ನಾನು ಕೈಮುಗಿಯುತ್ತೇನೆ.

ಕಿಲ್ಲೇದಾರನ ಎದುರಿನಲ್ಲೇ ಅವನು ಕಾವಲುಗಾರನನ್ನು ಕೇಳಿದ: "ಅಂದು ಅಪ್ಪಣೆಯನ್ನು ಏಕೆ ಮರಳಿ ಹೇಳಲಿಲ್ಲ?"

ಕಾವಲುಗಾರ ತುಟಿ ಬಿಚ್ಚುವಷ್ಟರಲ್ಲಿ ಕಿಲ್ಲೇದಾರ ಗುಡುಗಿದ: "ಮುಚ್ಚು ಬಾಯಿ! ಆ ಮಾತು ನಾಲಿಗೆಗೆ ತರಬೇಡವೆಂದು ಅಂದೇ ಹೇಳಿರಲಿಲ್ಲವೇ!"

ಇಪ್ಪತ್ತು ವರ್ಷ ಅಪ್ಪಣೆ ಕೊಟ್ಟು ರೂಢಿಯಾದ ಬಾಯಿ, ನ್ಯಾಯಸಭೆಯಲ್ಲಾದರೂ ಸುಮ್ಮನಿದ್ದೀತೇ? ಗುಟ್ಟಿನ ಅಪ್ಪಣೆ ಅವನ ಬಾಯಿಂದಲೇ ಹೊರಬಿತ್ತು. ಕಿಲ್ಲೇದಾರ ಸೆರೆಗೆ ಹೋದ. ಕಾವಲುಗಾರನಿಗೆ ಬಿಡುಗಡೆಯಾಯಿತು.

ಅಧಿಕಾರಿ ಹಿಗ್ಗಿ ಅವನ ಕೈ ಹಿಡಿದುಕೊಂಡ. ಕಾವಲುಗಾರನ ಮುಖದಲ್ಲಿ ನಗು ಕಾಣಲಿಲ್ಲ. "ಮರಳಿ ಹೇಳಬೇಡ ಎಂದಾಗಲೇ ಅದು ಕೆಟ್ಟ ಅಪ್ಪಣೆಯೆಂದು ನನಗೆ ತಿಳಿದಿತ್ತು ಸ್ವಾಮಿ. ಬಿಸಿಲಲ್ಲಿ ನಿಂತವನು ನೀರು ನೀರು ಎನ್ನುತ್ತಿದ್ದ. ತುಂಬಿದ ಕೊಡ ನನ್ನ ಪಕ್ಕದಲ್ಲೇ ಇತ್ತು" ಎಂದ. ತನ್ನ ಸಿಪಾಯಿ ಪೇಟ ಕಳಚಿಟ್ಟು, ಸತ್ತವನ ತಾಯಿಯ ಮುಂದೆ ನಿಂತು ಇದನ್ನೇ ಹೇಳಲು ಅವಳ ಊರಿಗೆ ಹೊರಟ. ಅಧಿಕಾರಿ ಬಹಳ ಹೊತ್ತು ಅವನು ಹೋದ ದಾರಿಯನ್ನೇ ನೋಡುತ್ತಿದ್ದ. ತಾನು ಬಿಡಿಸಿದವನು ತನಗಿಂತ ದೊಡ್ಡವನೆಂದು ಅವನಿಗೆ ಅನ್ನಿಸಿತು.

ಗುರುಗಳು ಕತೆ ನಿಲ್ಲಿಸಿದರು. ಮುರಿಗೆಯ್ಯನಿಗೆ ಸಮಾಧಾನವಾಗಲಿಲ್ಲ. "ನ್ಯಾಯಸಭೆಯೇ ಬಿಟ್ಟಮೇಲೆ ಅವನು ಹೋಗಬೇಕಿತ್ತೇ, ಬುದ್ಧೀ?" ಎಂದ.

"ಸಭೆಯೇನೋ ಬಿಟ್ಟಿತಪ್ಪಾ, ಸತ್ತವನು ಬಿಡಬೇಕಲ್ಲ" ಎಂದರು ಗುರುಗಳು.