ದಾವಲಬಿಯ ಬೆನ್ನ ಹಿಂದೆ ನಿಂತವನು

ಬಹಳ ಹಿಂದೆ, ಮೂರು ರಸ್ತೆ ಬಂದು ಕೂಡುವ ಜಾಗದಲ್ಲಿ, ಮೂರಹಾದಿ ಅಂತ ಒಂದು ಊರಿತ್ತು. ಎಷ್ಟು ಹಿಂದೆ ಅಂತ ಕೇಳಬೇಡಿ. ಮುಂದೆ ಮೂಗು ಚಾಚಿದ ಲಾರಿಗಳು ಇನ್ನೂ ಅಲ್ಲೊಂದು ಇಲ್ಲೊಂದು ಓಡುತ್ತಿದ್ದವು, ಕಂಪ್ಯೂಟರಿನ ಮೇಲ್ ಅನ್ನೋದು ಊರಿಗೆ ಹೊಸದಾಗಿ ಬಂದಿತ್ತು. ಅಷ್ಟು ಗೊತ್ತಿದ್ದರೆ ಸಾಕು. ಆ ಊರಲ್ಲಿ ಹೊಲಕ್ಕಿಂತ ಲಾರಿ ಜಾಸ್ತಿ, ಎತ್ತಿಗಿಂತ ಟೈರು ಜಾಸ್ತಿ. ಕೂಸುಗಳು ಅವ್ವ ಅನ್ನೋಕೆ ಮೊದಲು ಹಾರನ್ ಸದ್ದು ಮಾಡೋದು ಕಲಿಯುತ್ತಿದ್ದವು ಅಂತಾರೆ.

ಲಾರಿಯವರೆಲ್ಲ ಸೇರಿ ಒಂದು ಸಂಘ ಕಟ್ಟಿಕೊಂಡಿದ್ದರು. ಸಂಘದ ಒಳಕೋಣೆಯಲ್ಲಿ ಒಂದು ಮೇಲ್ ಸರ್ವರ್ ಇತ್ತು. ಎಲ್ಲಿ ಈರುಳ್ಳಿ ತುಂಬಬೇಕು, ಎಲ್ಲಿ ದ್ರಾಕ್ಷಿ ಇಳಿಸಬೇಕು, ಯಾವ ಊರಲ್ಲಿ ಲೋಡು ಕಾಯುತ್ತಿದೆ, ಎಲ್ಲ ಆ ಪೆಟ್ಟಿಗೆಯೊಳಗೆ ಬಂದು ಬೀಳಬೇಕು, ಅಲ್ಲಿಂದಲೇ ಹೋಗಬೇಕು. ಅದು ನಡೆದರೆ ಊರು ನಡೆಯುತ್ತಿತ್ತು, ಅದು ನಿಂತರೆ ಊರು ನಿಲ್ಲುತ್ತಿತ್ತು.

ಆ ಸರ್ವರಿನ ಯಜಮಾನಿಕೆ ಗದಿಗೆಪ್ಪನದು. ಗದಿಗೆಪ್ಪ ಅಂದರೆ ಆಗ ಸಣ್ಣ ಆಸಾಮಿಯಲ್ಲ. ಹಳೇ ಲಾರಿಯೊಂದರ ಡ್ರೈವರ್ ಸೀಟು ಬಿಚ್ಚಿ ಕಾಲು ಬೆಸೆಸಿ ಅವನಿಗೆ ಕುರ್ಚಿ ಮಾಡಿಕೊಟ್ಟಿದ್ದರು. ಅದರಲ್ಲಿ ಕೂತು ಮೌಸು ಹಿಡಿದು ತೆರೆಯ ಮೇಲಿನ ಚಿತ್ರಗಳನ್ನು ಒತ್ತುತ್ತಿದ್ದ. ಇಲ್ಲಿ ಒತ್ತು, ಮುಂದೆ ಒತ್ತು, ಸರಿ ಅಂತ ಒತ್ತು. ಮುಗೀತು. ಜನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬರುತ್ತಿದ್ದರು. ಚಹಾದ ಮೊದಲ ಕಪ್ಪು ಅವನಿಗೆ, ಎರಡನೆಯದು ಅಧ್ಯಕ್ಷರಿಗೆ. ಆ ಮೊದಲ ಕಪ್ಪಿನ ರುಚಿ ಮನೆಯ ಚಹಾದಲ್ಲಿ ಇರಲಿಲ್ಲ ಅಂತ ಅವನೇ ಹೇಳುತ್ತಿದ್ದನಂತೆ.

ಒಂದು ದ್ರಾಕ್ಷಿ ಸುಗ್ಗಿಯಲ್ಲಿ ಏನಾಯಿತೋ, ಸಂಘದಿಂದ ಹೋದ ಮೇಲ್ ಒಂದೂ ಮುಟ್ಟದ ಹಾಗಾಯಿತು. ಪರವೂರಿನ ಸರ್ವರುಗಳು ಅವನ್ನು ಬಾಗಿಲಲ್ಲೇ ತಡೆದು ಹಿಂದಕ್ಕೆ ಅಟ್ಟತೊಡಗಿದವು. ಗದಿಗೆಪ್ಪ ಇದ್ದಬದ್ದ ಚಿತ್ರಗಳನ್ನೆಲ್ಲ ಒತ್ತಿದ. ಒತ್ತಿದ್ದನ್ನೇ ಮತ್ತೆ ಒತ್ತಿದ. ಬೆರಳು ಸವೆದವು, ಮೇಲ್ ಮಾತ್ರ ಹೋಗಲಿಲ್ಲ.

ಆಗ ಸಂಘದ ಅಧ್ಯಕ್ಷ ರೇವಣಸಿದ್ದಪ್ಪ ಒಬ್ಬ ಹುಡುಗಿಯನ್ನು ಕರಕೊಂಡು ಬಂದರು. ಅವಳೇ ದಾವಲಬಿ. ಡ್ರೈವರ್ ಮೌಲಾಸಾಬನ ಮಗಳು, ಪಟ್ಟಣದಲ್ಲಿ ಡಿಪ್ಲೊಮಾ ಓದಿ ಬಂದಿದ್ದಳು. ಬಂದವಳು ಮೌಸನ್ನು ಎತ್ತಿ ಪಕ್ಕಕ್ಕಿಟ್ಟಳು. ಏನೋ ಒತ್ತಿದಳು, ತೆರೆ ರೊಟ್ಟಿ ಹಂಚಿನ ಹಾಗೆ ಕಪ್ಪಾಯಿತು. ಅದರ ಮೇಲೆ ಜೋಳ ಚೆಲ್ಲಿದ ಹಾಗೆ ಬಿಳಿ ಅಕ್ಷರ. ಚಿತ್ರವಿಲ್ಲ, ಬಣ್ಣವಿಲ್ಲ, ಬರೀ ಮಾತು. ಒಂದೊಂದು ಸಾಲು ಬರೆದು ಸರ್ವರಿಗೆ ಅಪ್ಪಣೆ ಕೊಡೋದು. ಅದಕ್ಕೆ ಕಮಾಂಡು ಅಂತಾರೆ ಅಂದಳು.

ಒಂದು ಸಾಲು ಬರೆದಳು. ಎಂಟರ್ ಒತ್ತಲಿಲ್ಲ. ಹಿಂದೆ ತಿರುಗಿ, "ಯಾರರೆ ಒಬ್ರು ನನ್ನ ಬೆನ್ನ ಹಿಂದ ನಿಂದರ್ರಿ" ಅಂದಳು.

"ಯಾಕವಾ, ಅಂಜಿಕಿ ಬರ್ತೈತೇನು?" ಅಂತ ರೇವಣಸಿದ್ದಪ್ಪ ನಕ್ಕರು.

"ನಮ್ಮಪ್ಪ ಹಿಂದ ಕ್ಲೀನರ್ ನಿಲ್ಲಸ್ದ ಒಂದ ಸಲಾ ರಿವರ್ಸ್ ಹೊಡದಿದ್ರಿ. ನಮ್ಮ ಮನೀ ಗ್ವಾಡಿನ ಕೆಡವಿದ. ಇದೂ ಹಂಗ. ಹೋದ ಮ್ಯಾಲೆ ಹೋತು. ನಾ ಓದತೀನಿ, ನೀವು ಕೇಳ್ರಿ. ಸರಿ ಕಂಡ್ರ ರೈಟ್ ಅನ್ರಿ, ಇಲ್ಲಾಂದ್ರ ಹೋಲ್ಡಾನ್ ಅನ್ರಿ."

ಸಾಲನ್ನು ಗಟ್ಟಿಯಾಗಿ ಓದಿದಳು. ಅಧ್ಯಕ್ಷರಿಗೆ ಒಂದಕ್ಷರ ತಿಳಿಯಲಿಲ್ಲ, ಆದರೂ ಬಾಗಿಲು ತಟ್ಟಿ "ರೈಟ್ ರೈಟ್!" ಅಂತ ಕೂಗಿದರು. ಅವಳು ಎಂಟರ್ ಒತ್ತಿದಳು. ತಡೆದಿದ್ದ ಮೇಲ್‌ಗಳು ಕಟ್ಟೆ ಒಡೆದ ನೀರಿನ ಹಾಗೆ ಹೋದವು ಅಂತಾರೆ.

ಆಗಿದ್ದೇನು ಅಂತ ಕೇಳಿದ್ದಕ್ಕೆ, "ನಮ್ಮ ಸರ್ವರು ತನ್ನ ಹೆಸ್ರು ಊರು ಹೇಳದನ ಮಂದೀ ಮನಿ ಬಾಗ್ಲಾ ಬಡೀತಿತ್ರಿ. ಯಾರ್ ತಗೀತಾರ? ಹೆಸ್ರು ಹೇಳೋದು ಕಲಿಸೀನಿ" ಅಂದಳು.

ಮಂದಿ ಹೋ ಅಂದರು. ಹೊತ್ತಿಗೆ ಸರಿಯಾಗಿ ಚಹಾ ಬಂತು. ಚಹಾದವನು ಗದಿಗೆಪ್ಪನ ಮುಂದಿನಿಂದಲೇ ಹಾದು ಹೋಗಿ ಮೊದಲ ಕಪ್ಪನ್ನು ದಾವಲಬಿಯ ಮುಂದಿಟ್ಟ.

ಅಲ್ಲಿಂದ ಶುರುವಾಯಿತು ನೋಡಿ.

ದಾವಲಬಿ ಸಂಘದಲ್ಲೇ ಕೆಲಸಕ್ಕೆ ನಿಂತಳು. ಅವಳ ಮಾತು ಊರೆಲ್ಲ ಬೆಳೆಯಿತು. ಅವಳು ಬರೆದ ಸಾಲಿಗೆ ಕರೆಂಟಿಲ್ಲದೆಯೂ ಸರ್ವರು ತಲೆಯಾಡಿಸುತ್ತದೆ ಅಂತಾರೆ. ಎರಡು ವರ್ಷದ ಕೆಳಗೆ ಕಳೆದುಹೋದ ಮೇಲ್ ಒಂದನ್ನು ಕಿವಿ ಹಿಡಿದು ಎಳಕೊಂಡು ಬಂದಳು ಅಂತಾರೆ. ಗಂಡ ಅಸ್ಸಾಮಿನಲ್ಲಿ ಮೇಲ್ ಬರೆಯೋಕೆ ಕೂತರೆ ಇಲ್ಲಿ ಹೆಂಡತಿಗೆ ಆಗಲೇ ಬಂದು ಮುಟ್ಟಿರುತ್ತದೆ ಅಂತಾರೆ. ಗದಿಗೆಪ್ಪನ ಹೆಂಡತಿ ನಿಂಗವ್ವ ಕೂಡ ಒಂದು ದಿನ ರೊಟ್ಟಿ ಬಡಿಸುತ್ತ, ಆ ಹುಡುಗಿ ಕೈಗುಣ ಭಾಳ ಚಲೋ ಅಂತಲ್ಲ ಅಂದಳು. ಗದಿಗೆಪ್ಪ ತುತ್ತನ್ನು ತಟ್ಟೆಗೆ ಬಿಟ್ಟ. ಪಲ್ಯ ಉಪ್ಪಾಗಿದೆ ಅಂದ. ಪಲ್ಯದಲ್ಲಿ ಅವತ್ತು ಉಪ್ಪೇ ಹಾಕಿರಲಿಲ್ಲವಂತೆ.

ಅವನ ಕುರ್ಚಿ ಅವನಿಗೇ ಇತ್ತು, ಯಾರೂ ಕಿತ್ತುಕೊಂಡಿರಲಿಲ್ಲ. ಅದೇ ಅವನಿಗೆ ಹೆಚ್ಚು ಉರಿ. ಅವಳು ಒಂದು ಮರದ ಸ್ಟೂಲಿನ ಮೇಲೆ ಕೂತು ಊರನ್ನೇ ಓಡಿಸುತ್ತಿದ್ದಳು. ಇವನು ಡ್ರೈವರ್ ಸೀಟಲ್ಲಿ ಕೂತು ಪೇಪರು ಓದುತ್ತಿದ್ದ. ಪೇಪರು ಮುಂದೆ, ಕಿವಿ ಅತ್ತ. ಅವಳು ಓದುವ ಒಂದೊಂದು ಕಮಾಂಡೂ ಅವನ ಕಿವಿಗೆ ಬೀಳುತ್ತಿತ್ತು. ಒಲ್ಲೆ ಅಂದರೂ ಬೀಳುತ್ತಿತ್ತು. ಹಾಗೆ ಬಿದ್ದೂ ಬಿದ್ದೂ, ಆ ಊರಲ್ಲಿ ಅವಳ ಮಾತು ತಿಳಿಯುವ ಒಬ್ಬನೇ ಒಬ್ಬ ತಯಾರಾದ. ಹೊಟ್ಟೆಕಿಚ್ಚು ಕಲಿಸಿದಷ್ಟು ಬೇಗ ಯಾವ ಮಾಸ್ತರನೂ ಕಲಿಸಲಾರ.

ನಡುವೆ ಗದಿಗೆಪ್ಪ ತಂಗಿಯ ಊರಿಗೆ ಮದುವೆಗೆ ಹೋದ. ಯಾರೇ ಊರು ಬಿಟ್ಟರೂ ಲೋಡು ತಪ್ಪಬಾರದು ಅಂತ ಅವರ ಮೇಲ್ ಇನ್ನೊಬ್ಬರ ಮೇಲ್ ಪೆಟ್ಟಿಗೆಗೆ ಹೋಗುವ ಹಾಗೆ ತಿರುಗಿಸೋದು ಸಂಘದ ಪದ್ಧತಿ. ಅವನ ಮೇಲ್ ಎಲ್ಲ ದಾವಲಬಿಯ ಪೆಟ್ಟಿಗೆಗೆ ತಿರುಗಿತು. ಅವನು ವಾಪಸ್ಸು ಬಂದ ದಿನ ಅವಳು, "ಅಣ್ಣಾರ, ನಿಮ್ದು ಮತ್ತ ನಿಮ್ಮ ಕಡೆ ತಿರಗಸ್ಲೇನ್ರಿ?" ಅಂತ ಕೇಳಿದಳು.

"ಯಾಕ, ನನಗ ಕೈಯಿಲ್ಲೇನು? ನಾ ಮಾಡ್ಕೋತೀನಿ" ಅಂದ.

ಮಾಡಿಕೊಳ್ಳಲಿಲ್ಲ. ಮಾಡಿಕೊಳ್ಳಬೇಕಾದರೆ ಅವಳ ಕಪ್ಪು ತೆರೆ ತೆರೆಯಬೇಕು. ಅವಳ ಎದುರು ಅದನ್ನು ತೆರೆಯೋದಕ್ಕಿಂತ ಮೇಲ್ ಬೇಡವೇ ಬೇಡ ಅಂತ ಕೂತ. ಅವಳು ಅವನಿಗೆ ಬಂದದ್ದನ್ನೆಲ್ಲ ಹಾಳೆಯಲ್ಲಿ ತೆಗೆದು ದಿನಾ ಬೆಳಿಗ್ಗೆ ಅವನ ಮೇಜಿನ ಮೇಲೆ, ಗಾಳಿಗೆ ಹಾರದ ಹಾಗೆ ಒಂದು ನಟ್ಟು ಹೇರಿ ಇಡುತ್ತಿದ್ದಳು. ಆ ನಟ್ಟನ್ನು ನೋಡಿದಾಗೆಲ್ಲ, ನಟ್ಟು ತಿರುವುವ ಪಾನಾವನ್ನು ಯಾರೋ ತನಗೇ ಹಾಕಿ ತಿರುವಿದ ಹಾಗೆ ಅವನು ಉರಿಯುತ್ತಿದ್ದ ಅಂತಾರೆ.

ಹೀಗೆ ಇರುವಾಗ ಅವನ ತಲೆಗೆ ಒಂದು ಹುಳ ಹೊಕ್ಕಿತು. ಇಷ್ಟೆಲ್ಲ ಇವಳಿಗೆ ತಾನಾಗೇ ಗೊತ್ತಿರೋಕೆ ಸಾಧ್ಯವಿಲ್ಲ. ಎಲ್ಲೋ ಪರವೂರಲ್ಲಿ ಒಬ್ಬ ಗುರು ಇದ್ದಾನೆ, ದಿನಾ ಮೇಲ್‌ನಲ್ಲಿ ಹೇಳಿಕೊಡುತ್ತಾನೆ, ಇವಳು ಗಿಣಿಯ ಹಾಗೆ ಒಪ್ಪಿಸುತ್ತಾಳೆ. ಆ ಗುರು ಯಾರು ಅಂತ ತಿಳಿದರೆ ಮುಗೀತು, ಊರ ಮುಂದೆ ಇವಳ ಬಣ್ಣ ಬಯಲು. ಮೊದಲ ಕಪ್ಪು ಮತ್ತೆ ತನ್ನ ಕಡೆಗೆ.

ಒಂದು ಶುಕ್ರವಾರ ಮಧ್ಯಾಹ್ನ ದಾವಲಬಿ ಮನೆಗೆ ಹೋಗಿದ್ದಳು. ಉಳಿದವರು ಊಟಕ್ಕೆ ಎದ್ದಿದ್ದರು. ಗದಿಗೆಪ್ಪ ಅವಳ ಸ್ಟೂಲಿನ ಮೇಲೆ ಕೂತ. ತೆರೆ ಕಪ್ಪಾಗಿಸಿದ. ಕೇಳಿ ಕೇಳಿ ಕಲಿತದ್ದೆಲ್ಲ ಬೆರಳಿಗೆ ಬಂತು. ದಾವಲಬಿಗೆ ಬರುವ ಪ್ರತಿ ಮೇಲ್‌ನ ಒಂದು ನಕಲು ಗುಟ್ಟಾಗಿ ಗದಿಗೆಪ್ಪನಿಗೆ ಬರಲಿ ಅಂತ ಸಾಲು ಬರೆದ. ಒಂದೂ ಅಕ್ಷರ ತಪ್ಪಿರಲಿಲ್ಲ. ಅವನ ಎದೆ ಉಬ್ಬಿತು. ಬೆನ್ನ ಹಿಂದೆ ಯಾರೂ ಇರಲಿಲ್ಲ. ಅಂಥ ಸಾಲು ಬರೆಯುವಾಗ ಯಾರನ್ನು ನಿಲ್ಲಿಸಿಕೊಂಡಾನು? ಎಂಟರ್ ಒತ್ತಿದ.

ದಿನಾ ಬೆಳಿಗ್ಗೆ ಆ ನಟ್ಟು ನೋಡಿ ಉರಿದವನಿಗೆ, ಆ ಹೊತ್ತಲ್ಲಿ ಮಾತ್ರ ಅದು ನೆನಪಾಗಲಿಲ್ಲ. ತನ್ನ ಪೆಟ್ಟಿಗೆಗೆ ಬಂದದ್ದು ಅವಳ ಪೆಟ್ಟಿಗೆಗೆ ಹೋಗುತ್ತದೆ ಅನ್ನೋದು ನೆನಪಾಗಲಿಲ್ಲ.

ದಾವಲಬಿಗೆ ಒಂದು ಮೇಲ್ ಬಂತು. ಅದರ ನಕಲು ಗದಿಗೆಪ್ಪನಿಗೆ ಹೋಯಿತು. ಗದಿಗೆಪ್ಪನದು ದಾವಲಬಿಗೆ ಹೋಯಿತು. ದಾವಲಬಿಗೆ ಬಂತಲ್ಲ, ಮತ್ತೆ ನಕಲು ಗದಿಗೆಪ್ಪನಿಗೆ. ಗಾಣದ ಎತ್ತಿನ ಹಾಗೆ ಸುತ್ತಿತು. ಇನ್ನೊಂದು ಬಂತು, ಅದೂ ಸುತ್ತಿತು. ಸರ್ವರಿನ ಫ್ಯಾನು ಘಾಟಿ ಏರುವ ಲಾರಿಯ ಹಾಗೆ ನರಳತೊಡಗಿತು. ಗದಿಗೆಪ್ಪ ತನ್ನ ಪೆಟ್ಟಿಗೆ ತೆರೆದು ಕಾದು ಕೂತಿದ್ದ. ಪೆಟ್ಟಿಗೆ ಖಾಲಿ. ಲೋಕದ ಮೇಲ್ ಎಲ್ಲ ಅವನ ಹೆಸರಲ್ಲಿ ಓಡಾಡುತ್ತಿತ್ತು, ಅವನಿಗೆ ಮಾತ್ರ ಒಂದೂ ಕಾಣಲಿಲ್ಲ.

ಸಾಲನ್ನು ಅಳಿಸೋಣ ಅಂತ ಓಡಿದ. ಸರ್ವರು ಅವನ ಮಾತು ಕೇಳುವ ಸ್ಥಿತಿಯಲ್ಲಿರಲಿಲ್ಲ. ಒಂದಕ್ಷರ ಒತ್ತಿದರೆ ಅದು ತೆರೆಗೆ ಬರೋದಕ್ಕೆ ಬೀಡಿ ಸೇದಿ ಮುಗಿಸುವಷ್ಟು ಹೊತ್ತು. ಅಷ್ಟರಲ್ಲಿ ಲಾರಿಯವರು ಒಬ್ಬೊಬ್ಬರೇ ಒಳಗೆ ಬಂದರು. ಲೋಡಿನ ಮೇಲ್ ಬರುತ್ತಿಲ್ಲ, ತೋಟದಲ್ಲಿ ದ್ರಾಕ್ಷಿ ಕೊಯ್ದಿಟ್ಟು ಕಾಯುತ್ತಿದ್ದಾರೆ, ಬಿಸಿಲಿಗೆ ಕೊಳೆಯುತ್ತದೆ ಅಂತ ಕೂಗಾಡಿದರು. ಮೂರೂ ರಸ್ತೆಯಲ್ಲಿ ಲಾರಿ ಸಾಲುಗಟ್ಟಿ ನಿಂತವು. ದಾವಲಬಿಯನ್ನು ಕರೆಸಿದರು.

ಗದಿಗೆಪ್ಪ ಮಂದಿಯ ಹಿಂದೆ ಸರಿದು ನಿಂತ. ಕುರ್ಚಿ ಹೋದೀತು ಅನ್ನೋ ಅಂಜಿಕೆ ಒಂದು. ಪರರ ಹೆಣ್ಣುಮಗಳ ಮೇಲ್ ಕದ್ದು ನೋಡೋಕೆ ಹೋದವನು ಅಂತ ಮೂರಹಾದಿಯಲ್ಲಿ ಒಮ್ಮೆ ಹೆಸರು ಬಂದರೆ, ಮೂರು ರಸ್ತೆಯಲ್ಲೂ ಅವನಿಗೆ ದಾರಿಯಿರಲಿಲ್ಲ.

ದಾವಲಬಿ ಬಂದಳು. ಒಂದು ಸಾಲು ಬರೆದಳು, ಕಾದಳು. ಇನ್ನೊಂದು ಬರೆದಳು, ಕಾದಳು. ಆಮೇಲೆ ಅವಳ ಬೆರಳು ನಿಂತವು. ಕಂಡಳು. ಅವಳು ಆ ಸಾಲು ಕಂಡದ್ದನ್ನು ಗದಿಗೆಪ್ಪ ಕಂಡ.

ಅಳಿಸುವ ಸಾಲು ಬರೆದಳು. ಎಂಟರ್ ಒತ್ತಲಿಲ್ಲ. ಎಷ್ಟೇ ಅವಸರವಿದ್ದರೂ ಓದದೆ ಒತ್ತಿದವಳಲ್ಲ. ಸ್ಟೂಲಿನ ಮೇಲೇ ತಿರುಗಿ, ಅಷ್ಟು ಮಂದಿಯ ನಡುವೆ ಅವನನ್ನೇ ಹುಡುಕಿ, "ಗದಿಗೆಪ್ಪಣ್ಣಾರ, ಇವತ್ತ ನೀವು ನಿಂದರ್ರಿ" ಅಂದಳು.

ಅವನು ಬಂದು ಅವಳ ಬೆನ್ನ ಹಿಂದೆ ನಿಂತ. ಅವಳು ಗಟ್ಟಿಯಾಗಿ ಓದಿದಳು. ಯಾರ ಪೆಟ್ಟಿಗೆಯಿಂದ ಯಾರಿಗೆ ಗುಟ್ಟಿನ ನಕಲು ಹೋಗುತ್ತಿದೆ ಅನ್ನೋದನ್ನು, ಸರ್ವರಿನ ಇಂಗ್ಲಿಷಿನಲ್ಲಿ, ಒಂದಕ್ಷರ ನುಂಗದೆ, ಇಡೀ ಊರ ಮುಂದೆ ಓದಿದಳು. ಊರಿಗೆ ಅದು ಬರೀ ಸದ್ದು. ಅರ್ಥವಾದದ್ದು ಒಬ್ಬನಿಗೆ.

"ಅದರಾಗ ಗದಿಗೆಪ್ಪನ ಹೆಸ್ರು ಬಂದಂಗಾತಲ್ಲ?" ಅಂದರು ರೇವಣಸಿದ್ದಪ್ಪ.

"ಇದರಾಗ ಎಲ್ಲಾರ ಹೆಸ್ರೂ ಐತ್ರಿ" ಅಂದಳು ದಾವಲಬಿ. ಅವನ ಕಡೆ ತಿರುಗಲಿಲ್ಲ. "ಹೇಳ್ರಿ ಅಣ್ಣಾರ. ರೈಟೋ, ಹೋಲ್ಡಾನೋ?"

ಗದಿಗೆಪ್ಪ ಬಾಗಿಲ ಕಡೆ ನೋಡಿದ. ಹೊರಗೆ ಒಂದು ಲಾರಿ ಹಾರನ್ ಹೊಡೆಯಿತು. "ರೈಟ್" ಅಂದ. ಕೇಳಿಸಲಿಲ್ಲ ಅಂದಳು. "ರೈಟ್ ರೈಟ್!" ಅಂತ ಕೂಗಿದ. ಆ ಕೂಗಿಗೆ ಹಂಚಿನ ಮೇಲಿನ ಪಾರಿವಾಳ ಎದ್ದು ಹಾರಿದವು ಅಂತಾರೆ.

ಸರ್ವರು ಉಸಿರು ಬಿಟ್ಟಿತು. ಲೋಡಿನ ಮೇಲ್ ಒಂದರ ಹಿಂದೊಂದು ಬಂದವು, ಲಾರಿಗಳು ಹೊರಟವು. ಏನಾಗಿತ್ತವಾ ಅಂತ ಎಲ್ಲರೂ ಕೇಳಿದರು.

"ರಿವರ್ಸ್ ಹೊಡಿಯೋವಾಗ ಹಿಂದ ಯಾರೂ ಇರ್ಲಿಲ್ರಿ. ಅಷ್ಟ" ಅಂದಳು.

ಇಲ್ಲಿಗೆ ಗದಿಗೆಪ್ಪನ ಹೊಟ್ಟೆಕಿಚ್ಚು ಆರಿತು ಅಂತ ನೀವು ಅಂದುಕೊಂಡರೆ ತಪ್ಪು. ಇನ್ನೂ ಜೋರಾಯಿತು. ಕಮಾಂಡು ಅವಳದು, ಚಹಾ ಅವಳದು, ಈಗ ಬಾಯಿ ಬಿಡದ ದೊಡ್ಡತನವೂ ಅವಳದೇ ಆಯಿತಲ್ಲ ಅಂತ ಕುದಿದ. ಆದರೆ ಮರುದಿನದಿಂದ ಅವಳ ಬೆನ್ನ ಹಿಂದೆ ನಿಲ್ಲುವ ಕೆಲಸವನ್ನು ಇನ್ನೊಬ್ಬರಿಗೆ ಬಿಡಲಿಲ್ಲ. ಅವಳು ಓದುವಾಗ ಕಣ್ಣು ಕಿರಿದು ಮಾಡಿ, ಎಲ್ಲಿ ಎಡವುತ್ತಾಳೆ, ಎಲ್ಲಿ ಎಡವುತ್ತಾಳೆ ಅಂತ ಕಾಯುತ್ತಿದ್ದ. ರೇವಣಸಿದ್ದಪ್ಪನವರು ಅರ್ಥವಾಗದೆ ರೈಟ್ ಅನ್ನುತ್ತಿದ್ದರು. ಇವನು ಹಾಗಲ್ಲ. ಇವನ ಬಾಯಿಂದ ರೈಟ್ ಬರೋದು ಅಂದರೆ ಕಲ್ಲಿಂದ ನೀರು ಬಂದ ಹಾಗೆ. ಅದಕ್ಕೇ ಆ ಸರ್ವರು ಅವರಿಬ್ಬರ ಕಾಲದಲ್ಲಿ ಮತ್ತೆ ಒಂದು ದಿನವೂ ನಿಲ್ಲಲಿಲ್ಲ.

ಒಂದೇ ಒಂದು ಸಲ ಅವಳು ನಿಜವಾಗಿ ಎಡವಿದಳಂತೆ. ಒಂದು ಚುಕ್ಕೆ ಬಿಟ್ಟಿದ್ದಳು. ಗದಿಗೆಪ್ಪ "ಹೋಲ್ಡಾನ್!" ಅಂತ ಕೂಗಿದ ಕೂಗಿಗೆ ರಸ್ತೆಯಲ್ಲಿ ಹೋಗುತ್ತಿದ್ದ ಮೂರು ಲಾರಿ ಬ್ರೇಕ್ ಹಾಕಿದವು ಅಂತಾರೆ. ಅವತ್ತು ಸಂಜೆ ಇಡೀ ಲಾರಿ ಸ್ಟ್ಯಾಂಡಿಗೆ ಮಿರ್ಚಿ ಭಜಿ ಹಂಚಿದ. ಮೊದಲ ಪೊಟ್ಟಣ ದಾವಲಬಿಗೇ ಕೊಟ್ಟ. "ಭಾಳ ದಿನಾ ಕಾದ್ರಲ್ರೀ ಅಣ್ಣಾರ" ಅಂತ ಅವಳು ನಕ್ಕಳು. "ಕಾಯ್ದನ ಬಿಡ್ತೀನೇನು?" ಅಂದನಂತೆ ಅವನು.

ದಾವಲಬಿ ಎಲ್ಲಿಗೆ ಹೋದಳು, ಯಾವಾಗ ಹೋದಳು, ಅದರ ಬಗ್ಗೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಒಂದು ಮುಂಜಾನೆ ಸ್ಟೂಲು ಖಾಲಿಯಿತ್ತು, ಗದಿಗೆಪ್ಪನ ಮೇಲ್ ಅವನ ಪೆಟ್ಟಿಗೆಗೇ ತಿರುಗಿತ್ತು, ಮೇಜಿನ ಮೇಲೆ ಬರೀ ನಟ್ಟು ಉಳಿದಿತ್ತು ಅಂತಾರೆ. ಆಮೇಲೆ ಊರಿನ ಮೊದಲ ಕಪ್ಪು ಮತ್ತೆ ಗದಿಗೆಪ್ಪನಿಗೆ ಬಂತು. ಒಂದು ಗುಟುಕು ಕುಡಿದು, ಸಕ್ಕರೆ ಹಾಕಿಲ್ಲ ಅಂತ ಕೆಳಗಿಟ್ಟನಂತೆ. ಆಮೇಲೆ ಕಪ್ಪು ತೆರೆಯ ಮುಂದೆ ಕೂತು, ಒಂದು ಸಾಲು ಬರೆದು, ಹಿಂದೆ ತಿರುಗಿ, ಅಲ್ಲಿ ಯಾರೂ ಇಲ್ಲ ಅಂತ ಎಂಟರ್ ಒತ್ತದೆ ಎದ್ದನಂತೆ.

ಈಗ ಮೂರಹಾದಿಯಲ್ಲಿ ಅವರಿಬ್ಬರೂ ಇಲ್ಲ, ಆ ಸರ್ವರ್ ಕೂಡ ಇಲ್ಲ. ಆದರೆ ಇವತ್ತಿಗೂ ಆ ಊರಲ್ಲಿ ಯಾರೂ ಒಬ್ಬರೇ ಕೂತು ಎಂಟರ್ ಒತ್ತೋದಿಲ್ಲ. ಸಂಘದಲ್ಲಾಗಲಿ, ಟಿಕೆಟ್ ಬುಕ್ ಮಾಡುವ ಅಂಗಡಿಯಲ್ಲಾಗಲಿ, ಗಟ್ಟಿಯಾಗಿ ಓದುತ್ತಾರೆ, ಹಿಂದಿನಿಂದ ಒಬ್ಬರು ರೈಟ್ ಅನ್ನಬೇಕು. ಹಾಗೆ ನಿಲ್ಲೋಕೆ ಗೆಳೆಯರನ್ನು ಕರೆಯೋದಿಲ್ಲ, ಬಂಧುಗಳನ್ನು ಕರೆಯೋದಿಲ್ಲ. ಬಾಗಿಲಿಗೆ ಹೋಗಿ, ರಸ್ತೆಯ ಆಚೆ ಈಚೆ ನೋಡಿ, ತಮ್ಮನ್ನು ಕಂಡರೆ ಆಗದವರು ಯಾರಿದ್ದಾರೆ ಅಂತ ಹುಡುಕಿ, ಅವರನ್ನೇ ಕೈ ಮಾಡಿ ಕರೆಯುತ್ತಾರೆ. ಕರೆದರೆ ಅವರು ಬರುತ್ತಾರೆ. ಬರದೆ ಇದ್ದದ್ದು ಇಲ್ಲ ಅಂತಾರೆ.