ಕೆಂಚವ್ವ ಹೊಲಿದ ಮೂರು ಮನೆ ಕೌದಿ

ಗೋಡೆ ಕಡೆ ಸರ್ಕೋ ಮರೀ. ಕಾಲು ನನ್ನ ಮೇಲೆ ಹಾಕ್ಕೋ, ಪರವಾಗಿಲ್ಲ, ಒದೀಬೇಡ ಅಷ್ಟೇ. ಕತೆ ಬೇಕು ಅಂದ್ರೆ ಹೂಂ ಅಂತಿರಬೇಕು. ನೀನು ಹೂಂ ಅನ್ನೋದು ನಿಲ್ಲಿಸಿದರೆ ನಿದ್ದೆ ಬಂತು ಅಂತ ನಾನೂ ಮಲಗಿಬಿಡ್ತೀನಿ, ಬೆಳಿಗ್ಗೆ ಎದ್ದು ಜಗಳಕ್ಕೆ ಬರಬೇಡ.

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿಗೂ ಹಾಲುಹಲ್ಲು ಇದ್ದ ಕಾಲದಲ್ಲಿ, ಕರಿಮಣ್ಣಿನ ಒಂದು ಊರಲ್ಲಿ ಕೆಂಚವ್ವ ಅಂತ ಒಬ್ಬಳು ಇದ್ಲಂತೆ. ಅವಳ ಕೈಗೆ ಸೂಜಿ ಸಿಕ್ಕಿದರೆ ಆಯ್ತು, ಹರಿದ ಸೀರೆ, ತೂತು ಬಿದ್ದ ಪಂಚೆ, ಗಂಡುಮಕ್ಕಳ ಹಳೇ ಅಂಗಿ ಎಲ್ಲಾ ತುಂಡು ತುಂಡು ಮಾಡಿ, ಪದರದ ಮೇಲೆ ಪದರ ಹಾಸಿ ಕೌದಿ ಹೊಲಿದು ಬಿಸಾಕೋಳಂತೆ. ಆ ಕೌದಿ ಹೊದಿಸಿದರೆ ಅಳೋ ಮಗು ಸುಮ್ಮನಾಗೋದಂತೆ, ಗೊರಕೆ ಹೊಡೆಯೋ ಮುದುಕ ಇನ್ನೂ ಜೋರಾಗಿ ಹೊಡೆಯೋನಂತೆ. ಎಷ್ಟು ಚೆನ್ನಾಗಿ ಹೊಲೀತೀಯೇ ಅಂತ ಯಾರಾದರೂ ಅಂದ್ರೆ ಕೆಂಚವ್ವ ನಾಚಿಕೊಂಡು ನೆಲ ನೋಡ್ತಿರಲಿಲ್ಲ, ಹೌದು ಚೆನ್ನಾಗೇ ಹೊಲೀತೀನಿ ಅನ್ನೋಳಂತೆ. ನನಗೆ ಅಂಥೋರನ್ನ ಕಂಡರೆ ಇಷ್ಟ.

ಆಮೇಲೆ ಏನಾಯ್ತು, ಅವಳ ಗಂಡ ಚನ್ನವೀರ ಎಣ್ಣೆ ಗಾಣ ಆಡಿಸೋನು. ಆ ಊರಲ್ಲಿ ಸಂದಿಗೊಂದು ಗಾಣ, ಇವನ ಎತ್ತು ಸುಮ್ಮನೆ ಮೆಲುಕು ಹಾಕ್ತಾ ನಿಂತಿರ್ತಿತ್ತು. ದೂರದಲ್ಲಿ ಕಂಬಳಿಗುಡ್ಡ ಅಂತ ಊರಿದೆ, ಕುರಿ ಸಾಕೋರ ಊರು, ಅಲ್ಲಿ ಗಾಣವೇ ಇಲ್ಲ ಅಂತ ಯಾರೋ ಹೇಳಿದ್ದೇ ತಡ, ಗಂಡ ಹೆಂಡತಿ ಗಂಟುಮೂಟೆ ಕಟ್ಟಿದ್ರಂತೆ. ಹೊರಡೋ ದಿನ ಕೆಂಚವ್ವನ ಅಮ್ಮ ಅತ್ಲು, ಅಣ್ಣ ಆ ಕಡೆ ಮುಖ ತಿರುಗಿಸಿಕೊಂಡ, ಗೆಳತಿ ಹಾಲವ್ವ ಮಾತ್ರ ಗಾಡಿ ಹಿಂದೆ ಕೆರೆ ಏರಿ ತನಕ ನಡಕೊಂಡೇ ಬಂದ್ಲು. ಆಗ ಕೆಂಚವ್ವ, ಯಾಕೆ ಎಲ್ಲರೂ ಹಿಂಗೆ ಮುಖ ಮಾಡ್ತೀರಿ, ಊರು ಬಿಟ್ಟು ಹೋಗ್ತಿದ್ದೀನಿ ಸರಿ, ಕೈ ಬಿಚ್ಚಿಟ್ಟು ಹೋಗ್ತಿದ್ದೀನಾ, ಅಮ್ಮನಿಗೊಂದು, ಅಣ್ಣನ ಮನೆಗೊಂದು, ಹಾಲವ್ವನಿಗೊಂದು ಕೌದಿ ಅಲ್ಲಿಂದಲೇ ಹೊಲಿದು ಕಳಿಸ್ತೀನಿ ನೋಡ್ತಿರಿ ಅಂದ್ಲಂತೆ.

ಕಂಬಳಿಗುಡ್ಡಕ್ಕೆ ಹೋಗಿ ನೋಡಿದ್ರೆ ಏನಿದೆ, ಬರೀ ಗಾಳಿ, ಕುರಿ, ಕಂಬಳಿ. ಹೊದೆಯೋದೂ ಕಂಬಳಿ, ಹಾಸೋದೂ ಕಂಬಳಿ, ಕೌದಿ ಅಂದ್ರೆ ಏನು ಅಂತ ಒಬ್ಬರಿಗೂ ಗೊತ್ತಿಲ್ಲ. ಕೆಂಚವ್ವ ಅದಕ್ಕೆಲ್ಲಾ ಹೆದರೋಳಲ್ಲ. ತವರಿಂದ ತಂದಿದ್ದ ಹಳೇ ಬಟ್ಟೆ ಗಂಟು ಬಿಚ್ಚಿದ್ಲು, ಅಮ್ಮನಿಗೊಂದು ಕೌದಿ ಹೊಲಿದ್ಲು, ಕೆಳಗಿನ ಊರಿಂದ ಗಾಣಕ್ಕೆ ಕುಸುಬೆ ತರೋ ಗಾಡಿಯವನ ಕೈಲಿ ಕಳಿಸಿದ್ಲು. ನೀನು ಹೋದ ಮೇಲೆ ಇವತ್ತೇ ಕಣೇ ಕಣ್ತುಂಬ ನಿದ್ದೆ ಮಾಡಿದ್ದು ಅಂತ ಅಮ್ಮ ಹೇಳಿ ಕಳಿಸಿದ್ಲಂತೆ. ಆಮೇಲೆ ಅಣ್ಣನ ಮನೆಗೊಂದು ಹೊಲಿದು ಕಳಿಸಿದ್ಲು. ಅಷ್ಟೊತ್ತಿಗೆ ಗಂಟು ಖಾಲಿಯಾಯ್ತು, ಹಾಲವ್ವನ ಕೌದಿ ಉಳೀತು.

ಆ ಸಲ ಬಂದ ಗಾಡಿಯವನು ಕುಸುಬೆ ಮೂಟೆ ಇಳಿಸಿ, ಹಾಲವ್ವನ ಮಾತನ್ನೂ ಇಳಿಸಿದನಂತೆ. ಹಾಲವ್ವನಿಗೆ ಎರಡು ಮಕ್ಕಳಾಗಿ ಎರಡೂ ಉಳೀಲಿಲ್ಲ ಮರೀ. ತೊಟ್ಟಿಲಿಗೆ ಹಾಕಿ ಹೆಸರಿಟ್ಟ ಮೇಲೆ ಕೈಬಿಟ್ಟು ಹೋದವು. ಈಗ ಮತ್ತೆ ಬಸುರಿ. ಆಗಿನ ಕಾಲದೋರು ಮಕ್ಕಳು ನಿಲ್ಲದಿದ್ರೆ ಏನೇನೋ ಮಾಡೋರು, ತಿಪ್ಪೆ ಮೇಲೆ ಮಲಗಿಸಿ ಎತ್ಕೊಂಡು ಬಂದು ತಿಪ್ಪಣ್ಣ ಅಂತ ಕರೆಯೋರು, ಬೇಡಿ ತಂದ ಅಕ್ಕಿ ಬೇಯಿಸಿ ಉಣ್ಣಿಸೋರು. ಆ ಊರಿನ ಸೂಲಗಿತ್ತಿ ಹಾಲವ್ವನಿಗೆ ಒಂದು ದಾರಿ ಹೇಳಿದ್ಲಂತೆ. ಈ ತಾಯಿ ಮುಖ ನೋಡದೇ ಇರೋ, ಹೆಸರು ಕೇಳದೇ ಇರೋ ಮೂರು ಮನೆಯೋರು, ತಾವು ತೊಟ್ಟು ಸವೆಸಿದ ಬಟ್ಟೆ ಮನಸಾರೆ ಕೊಡಬೇಕು, ಆ ಬಟ್ಟೆಯ ಕೌದಿ ಮೇಲೆ ಮಲಗಿಸಿದ ಕೂಸು ಉಳಿಯುತ್ತೆ ಅಂತ. ಹಾಲವ್ವನ್ನ ಕಾಣದ ಮನೆ ಆ ಸೀಮೇಲಿ ಎಲ್ಲಿದೆ? ಅದಕ್ಕೇ ಅವಳು ಗಾಡಿಯವನ ಹತ್ರ, ದೂರ ಹೋದ ನನ್ನ ಗೆಳತಿಗೆ ಹೇಳಣ್ಣ, ಅವಳ ಕೌದಿ ಬಂದರೆ ಅಟ್ಟದಿಂದ ತೊಟ್ಟಿಲು ಇಳಿಸ್ತೀನಿ, ಬರದಿದ್ರೆ ತೊಟ್ಟಿಲು ಅಲ್ಲೇ ಇರಲಿ, ಹೆಸರಿಡೋ ಶಾಸ್ತ್ರವೂ ಬೇಡ, ಇನ್ನೊಂದು ಸಲ ನನ್ನ ಕೈಲಾಗಲ್ಲ ಅಂದಿದ್ಲಂತೆ.

ಕೆಂಚವ್ವ ಗಾಡಿಯವನ ಮಾತು ಪೂರ್ತಿ ಕೇಳಿಸಿಕೊಂಡ್ಲು. ಮೂರೇ ಮನೆ ತಾನೆ, ತಂದೇ ತರ್ತೀನಿ ಅಂತ ಸೆರಗು ಸಿಗಿಸಿಕೊಂಡು ಸೀದಾ ಗೌಡರ ಮನೆಗೇ ಹೋದ್ಲಂತೆ. ಗೌಡ್ತಿ ದೇವೀರಮ್ಮ ಜಗಲಿ ಮೇಲೆ ಕೂತಿದ್ಲು. ಗೌಡ್ತಮ್ಮ, ನೀವು ಉಟ್ಟು ಬಿಟ್ಟ ಹಳೇ ಸೀರೆ ಒಂದಿದ್ರೆ ಕೊಡಿ ಅಂತ ಕೇಳಿದ್ಲೋ ಇಲ್ಲವೋ, ಗೌಡ್ತಿ ಹಾವು ತುಳಿದೋಳ ಹಂಗೆ ಎದ್ದು ಒಳಗೆ ಹೋಗಿ ಬಾಗಿಲು ಹಾಕ್ಕೊಂಡ್ಲು.

ಯಾಕೆ ಅಂತೀಯಾ? ಕೆಂಚವ್ವನ ಊರಲ್ಲಿ ಹಳೇ ಬಟ್ಟೆ ಕೇಳೋದು ಬೆಂಕಿ ಕೇಳಿದಂಗೆ, ಹೆಪ್ಪಿಗೆ ಮಜ್ಜಿಗೆ ಕೇಳಿದಂಗೆ. ಕಂಬಳಿಗುಡ್ಡದೋರು ಹಂಗಲ್ಲ. ಮೈಗೆ ಹಾಕಿದ ಬಟ್ಟೆ ಬೇರೆಯೋರ ಕೈ ಸೇರಿದರೆ ನಮ್ಮ ಜುಟ್ಟು ಅವರ ಕೈ ಸೇರಿದಂಗೆ, ಮಾಟ ಮಾಡಿಬಿಡ್ತಾರೆ ಅಂತ ಭಯ. ಬಟ್ಟೆ ಹಳೇದಾದರೆ ಸುಟ್ಟು ಬೂದಿ ಮಾಡೋರಂತೆ. ಇವಳು ಕೇಳಿದ ಸುದ್ದಿ ಬಾವಿ ಕಟ್ಟೆಗೆ ಹೋಯ್ತು, ಬಾವಿ ಕಟ್ಟೆಯಿಂದ ಎಲ್ಲರ ಮನೆಗೂ ಹೋಯ್ತು, ಗಾಣದ ಕಡೆ ಎಣ್ಣೆಗೆ ಬರೋರೇ ನಿಂತುಬಿಟ್ರು. ಚನ್ನವೀರ ತಲೆ ಮೇಲೆ ಕೈಹೊತ್ತು ಕೂತು, ಆ ಹಳೇ ಬಟ್ಟೆ ಸಾವಾಸ ಬಿಡು ಮಾರಾಯ್ತಿ, ಇಲ್ಲಿಂದಲೂ ಗಂಟುಮೂಟೆ ಕಟ್ಟಿಸಬೇಡ ಅಂದನಂತೆ.

ಕೆಂಚವ್ವ ಬಿಡ್ತಾಳಾ. ಕೂತು ಯೋಚನೆ ಮಾಡಿದ್ಲು. ಈ ಜನ ಕೆಟ್ಟೋರಲ್ಲ, ಹೆದರಿದೋರು, ಹೆದರಿದೋರ ಹತ್ರ ಬರಿಗೈಲಿ ಹೋಗಿದ್ದು ನಂದೇ ತಪ್ಪು ಅನ್ನಿಸಿತಂತೆ. ಎದ್ದೋಳೇ ತಾನು ಉಟ್ಟು ಉಟ್ಟು ಮೆತ್ತಗಾಗಿದ್ದ ಸೀರೆಯ ಸೆರಗನ್ನ ಪರ್ ಅಂತ ಹರಿದು, ಹಾಡಹಗಲೇ, ಊರ ಹೆಂಗಸರೆಲ್ಲಾ ನೋಡ್ತಿರುವಾಗ ಗೌಡ್ತಿ ಜಗಲಿ ಮುಂದೆ ನಿಂತ್ಲು.

"ತಗೊಳ್ಳಿ ಗೌಡ್ತಮ್ಮ, ಇದು ನನ್ನ ಮೈಮೇಲಿನ ಬಟ್ಟೆ. ಮೊದಲು ನನ್ನ ಜುಟ್ಟು ನಿಮ್ಮ ಕೈಲಿರಲಿ. ನಾನು ಮಾಟ ಮಾಡಿದ್ರೆ ನೀವೂ ಮಾಡಿ. ನನಗೆ ಬೇಕಾಗಿರೋದು ಒಂದು ಕೂಸು ಉಳಿಯೋದು ಅಷ್ಟೇ."

ಗೌಡ್ತಿ ಸೆರಗಿನ ತುಂಡು ಹಿಂದೆ ಮುಂದೆ ತಿರುಗಿಸಿ ನೋಡಿದ್ಲು. ಯಾವ ಕೂಸು ಏನು ಕತೆ ಅಂತ ಕೇಳಿದ್ಲು. ಕೆಂಚವ್ವ ಹೆಸರೊಂದು ಬಿಟ್ಟು ಎಲ್ಲಾ ಹೇಳಿದ್ಲು. ಗೌಡ್ತಿ ಆ ತುಂಡನ್ನ ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋಗಿ, ತಾನು ನಾಲ್ಕು ಬಾಣಂತನದಲ್ಲೂ ಉಟ್ಟಿದ್ದ ಕೆಂಪು ಸೀರೆ ತಂದು ಕೊಟ್ಲಂತೆ. ಅಲ್ಲಿಗೆ ಒಂದು ಮನೆ ಆಯ್ತು. ಹೂಂ ಅನ್ನು.

ಎರಡನೇದು ಕಂಬಳಿ ನೇಯೋ ಸಣ್ಣೀರಜ್ಜನ ಮನೆ. ಅಜ್ಜನಿಗೆ ಮಾಟದ ಭಯ ಇಲ್ಲ, ಜಂಬ ಜಾಸ್ತಿ. ಕೂಸಿಗೆ ಚಿಂದಿ ಯಾಕಮ್ಮ, ನಾನು ನೇಯ್ದ ಕಂಬಳಿ ಒಯ್ಯಿ, ರಾಜನ ಮಗನೂ ಬೆಚ್ಚಗೆ ಮಲಗ್ತಾನೆ ಅಂತ ಎದೆ ಉಬ್ಬಿಸಿಕೊಂಡು ಕೂತ. ಕೆಂಚವ್ವ ಜಗಳ ಆಡಲಿಲ್ಲ. ಕಂಬಳಿ ಚೆನ್ನಾಗಿದೆ ಅಜ್ಜ, ನೀನೂ ಒಳ್ಳೇದೇ ಹೊದ್ದಿದ್ದೀಯ, ಅದರ ಒಳಗೆ ಮೈಗೆ ತಾಗೋ ಹಂಗೆ ಏನು ಹಾಕ್ಕೊಂಡಿದ್ದೀಯ ಅಂತ ಕೇಳಿದ್ಲಂತೆ. ಅಜ್ಜ ಕಂಬಳಿ ಸರಿಸಿ ನೋಡಿಕೊಂಡ. ಒಳಗೆ ಬೆಣ್ಣೆ ಹಂಗೆ ಮೆತ್ತಗಾದ ಹಳೇ ನೂಲಿನ ಅಂಗಿ. ಕಂಬಳಿ ಚುಚ್ಚುತ್ತಲ್ಲ ಅಂತ ತಾನೇ ಹಾಕ್ಕೊಂಡಿದ್ದು. ಅಜ್ಜನಿಗೆ ನಗು ಬಂದು ಕೆಮ್ಮು ಬಂದು, ಆ ಅಂಗೀನೇ ಬಿಚ್ಚಿ ಅವಳ ಕೈಗೆ ಕೊಟ್ಟನಂತೆ.

ಆಮೇಲೆ ನೋಡು, ಗೌಡ್ತೀನೇ ಕೊಟ್ಟ ಮೇಲೆ ಇನ್ನೇನು ಅಂತ ಊರಿಗೆ ಊರೇ ಗಾಣದ ಅಂಗಳಕ್ಕೆ ಬಂತು. ಒಬ್ಬಳು ಹರಿದ ಸೀರೆ ತಂದ್ಲು, ಇನ್ನೊಬ್ಬಳು ಗಂಡನ ಪಂಚೆ ತಂದ್ಲು, ಅಂಗಳದಲ್ಲಿ ಬಟ್ಟೆ ರಾಶಿ. ಇದರಲ್ಲಿ ಮೂರನೇ ಮನೆ ಯಾವುದು ಅಂತ ಕೆಂಚವ್ವ ನೋಡ್ತಾ ಇರುವಾಗ ಹೆಂಗಸರೆಲ್ಲಾ ತಟ್ಟನೆ ಪಕ್ಕಕ್ಕೆ ಸರಿದ್ರಂತೆ. ಸೋಮಕ್ಕ ಬಂದು ನಿಂತಿದ್ಲು. ಊರಾಚೆ ಒಬ್ಬಳೇ ಕುರಿ ಮೇಯಿಸ್ಕೊಂಡು ಇದ್ದೋಳು. ಇದ್ದ ಒಬ್ಬಳೇ ಮಗಳು ಜ್ವರ ಬಂದು ಹೋದ ಮೇಲೆ ಯಾರ ಜತೆಯೂ ಮಾತಿಲ್ಲ, ಮಗಳ ಹೆಸರನ್ನಂತೂ ಬಾಯಲ್ಲಿ ತಂದೋಳಲ್ಲ, ಶುಭಕಾರ್ಯಕ್ಕೆ ಯಾರೂ ಕರೀತಾನೂ ಇರಲಿಲ್ಲ. ಅವಳ ಕೈಯಲ್ಲಿ ಒಂದು ಪುಟ್ಟ ಹಸಿರು ಅಂಗಿ. ತೋಳಿನ ತುದಿ ಚೀಪಿ ಚೀಪಿ ಎಳೆ ಬಿಟ್ಟಿತ್ತು. ಇದೂ ಸವೆದಿರೋ ಬಟ್ಟೇನೇ ಅಂತ ಅಷ್ಟೇ ಅಂದು ಮುಂದೆ ಚಾಚಿದ್ಲಂತೆ.

ಹೆಂಗಸರೆಲ್ಲಾ ಬೇಡ ಬೇಡ ಅಂತ ಕಣ್ಸನ್ನೆ ಮಾಡಿದ್ರು. ಹೋದ ಕೂಸಿನ ಬಟ್ಟೆ ಮೇಲೆ ಎಳೇ ಕೂಸನ್ನ ಮಲಗಿಸ್ತಾರಾ ಎಲ್ಲಾದರೂ? ಕೆಂಚವ್ವನಿಗೂ ಹೆದರಿಕೆ ಆಯ್ತು ಮರೀ, ಯಾಕಾಗಬಾರದು, ಕೂಸು ಅವಳದಲ್ಲ, ಹಾಲವ್ವನದು. ಅವಳು ರಾಶಿ ನೋಡಿದ್ಲು, ಆ ಅಂಗಿ ನೋಡಿದ್ಲು. ಸೂಲಗಿತ್ತಿ ಏನಂದಿದ್ಲು, ಮನಸಾರೆ ಕೊಡಬೇಕು ಅಂದಿದ್ಲು. ಇವರೆಲ್ಲಾ ತಮಗೆ ಬೇಡವಾದ ಬಟ್ಟೆ ತಂದಿದ್ದಾರೆ, ಇವಳು ತನಗೆ ಬೇಕಾದ ಬಟ್ಟೆ ತಂದಿದ್ದಾಳೆ. ಕೆಂಚವ್ವ ಎರಡೂ ಕೈ ಚಾಚಿ ಅಂಗಿ ಇಸ್ಕೊಂಡು ಕಣ್ಣಿಗೆ ಒತ್ತಿಕೊಂಡ್ಲಂತೆ.

ಆಮೇಲೆ ಹೊಲಿಯೋಕೆ ಕೂತ್ಲು. ಕೌದಿ ಹೊಲಿಗೆ ಅಂಚಿನಿಂದ ಶುರು, ಸುತ್ತಿ ಸುತ್ತಿ ಒಳಗೆ ಬಂದು ನಡುವಲ್ಲಿ ಮುಗಿಯುತ್ತೆ. ಆ ನಡುವಿಗೆ ಕೌದಿ ಹೊಟ್ಟೆ ಅಂತಾರೆ, ಅದು ಹಸಿದಿರಬಾರದು ಅಂತ ನಾಲ್ಕು ಕಾಳು ಅಕ್ಕಿ ಇಟ್ಟು ಮುಚ್ಚುತ್ತಾರೆ. ಕೆಂಚವ್ವ ಸುತ್ತಲೂ ಗೌಡ್ತಿಯ ಕೆಂಪು, ಅದರ ಒಳಗೆ ಅಜ್ಜನ ಬಿಳಿ, ನಟ್ಟನಡುವೆ ಹಸಿರು ಅಂಗಿ, ಅದನ್ನ ಮಾತ್ರ ಕತ್ತರಿಸದೆ ಇಡಿಯಾಗಿ ಇಟ್ಟು, ಅದರ ಕೆಳಗೆ ಅಕ್ಕಿ ಹಾಕಿ ಮುಚ್ಚಿದ್ಲಂತೆ. ಈ ಸಲ ಕೌದೀನ ಗಾಡಿಯವನ ಕೈಲಿ ಕಳಿಸೋಕೆ ಅವಳಿಗೆ ಮನಸ್ಸು ಬರಲಿಲ್ಲ. ಏನು ಹಾಕಿದ್ದೀನಿ ಅನ್ನೋದನ್ನ ನಾನೇ ಹೋಗಿ ಹೇಳಬೇಕು ಅಂತ ತಾನೇ ಗಾಡಿ ಹತ್ತಿದ್ಲು. ಹತ್ತಿ ನೋಡಿದ್ರೆ ಸೋಮಕ್ಕ ಆಗಲೇ ಮೂಲೇಲಿ ಕೂತಿದ್ದಾಳೆ. ಅದು ಯಾರ ಮೈಗೆ ಹೋಗುತ್ತೆ ಅಂತ ಒಂದ್ಸಲ ನೋಡಿಬರ್ತೀನಿ ತಾಯಿ ಅಂದ್ಲಂತೆ.

ಇವರು ಹೋಗೋದರೊಳಗೆ ಹಾಲವ್ವನಿಗೆ ಹೆರಿಗೆ ಆಗಿತ್ತು, ಹೆಣ್ಣುಕೂಸು. ತೊಟ್ಟಿಲು ಅಟ್ಟದ ಮೇಲೇ ಇತ್ತು. ಹಾಲವ್ವ ಕೂಸನ್ನ ಕೆಳಗೆ ಇಳಿಸದೆ ಮಡಿಲಲ್ಲೇ ಇಟ್ಕೊಂಡು ಬಾಗಿಲು ನೋಡ್ತಾ ಕೂತಿದ್ಲಂತೆ. ಕೆಂಚವ್ವ ಕೌದಿ ಬಿಚ್ಚಿ ಹಾಸಿ, ಇದು ಗೌಡ್ತಿ ಸೀರೆ, ಇದು ಅಜ್ಜನ ಅಂಗಿ, ಇದು ಈ ಸೋಮಕ್ಕನ ಹೋದ ಮಗಳ ಅಂಗಿ, ಹಾಕೋದು ಬಿಡೋದು ನಿನಗೆ ಬಿಟ್ಟಿದ್ದು, ಬೇಡ ಅಂದ್ರೆ ಇಲ್ಲೇ ಕೂತು ಬಿಚ್ಚಿ ಬೇರೆ ಹೊಲೀತೀನಿ ಅಂತ ಒಂದೂ ಮುಚ್ಚಿಡದೆ ಹೇಳಿದ್ಲು. ಹಾಲವ್ವನ ಅತ್ತೆ, ಅಯ್ಯೋ ಬಿಚ್ಚಮ್ಮಾ ಮೊದಲು ಅಂತ ಕತ್ತರಿ ಹುಡುಕೋಕೇ ಹೋದ್ಲಂತೆ.

ಹಾಲವ್ವ ಮಾತ್ರ ಆ ಹಸಿರು ಅಂಗಿ ಮೇಲೆ ಕೈಯಾಡಿಸ್ತಾ, ಚೀಪಿದ ತೋಳಿನ ತುದಿ ಮುಟ್ಟಿ ನೋಡ್ತಾ ಕೂತ್ಲು. ಆಮೇಲೆ ಅಂದ್ಲಂತೆ:

"ನನ್ನ ಮಕ್ಕಳ ಬಟ್ಟೆ ಇನ್ನೂ ನನ್ನ ಪೆಟ್ಟಿಗೇಲಿದೆ. ಅದನ್ನ ನಾನು ಯಾರಿಗೂ ಕೊಡಲಾರೆ. ಈ ಅಕ್ಕ ಮುಖ ಕಾಣದ ನನಗೆ ಕೊಟ್ಟಿದ್ದಾಳೆ. ಇದಕ್ಕಿಂತ ದೊಡ್ಡ ಆಶೀರ್ವಾದ ಯಾರು ಮಾಡ್ತಾರೆ ಅತ್ತೆ?"

ಅಂದೋಳೇ ಕೂಸನ್ನ ಎತ್ತಿ ಕೌದಿಯ ನಟ್ಟನಡುವೆ ಮಲಗಿಸಿದ್ಲು. ಅದು ಕೈಕಾಲು ಚಾಚಿ ಮೈಮುರಿದು ನಿದ್ದೆ ಹೋಯ್ತು. ತೊಟ್ಟಿಲು ಇಳೀತು, ಓಣಿ ಹೆಂಗಸರು ಬಂದ್ರು. ಹೆಸರು ಏನಿಡೋದು ಅಂತ ಎಲ್ಲರೂ ಕೇಳುವಾಗ ಹಾಲವ್ವ ಸೋಮಕ್ಕನ ಕಡೆ ತಿರುಗಿ, ನಿನ್ನ ಮಗಳ ಹೆಸರೇನಕ್ಕ ಅಂದ್ಲಂತೆ. ಅತ್ತೆ ಅಡ್ಡ ಬಂದು, ಹೋದೋರ ಹೆಸರು ಇಡ್ತಾರೇನೇ ಅಂದ್ರೆ, ಬದುಕಿರೋರ ಹೆಸರು ಇಟ್ಟೇ ಎರಡು ಕಳ್ಕೊಂಡೆ ಅತ್ತೆ, ಸುಮ್ಮನಿರಿ ಅಂದ್ಲು ಹಾಲವ್ವ. ಆಗ ಸೋಮಕ್ಕ ತೊಟ್ಟಿಲ ಮೇಲೆ ಬಗ್ಗಿ, ಕೂಸಿನ ಕಿವೀಲಿ ನಿಂಬೆವ್ವ ಅಂದ್ಲಂತೆ. ಒಂದು ಸಲ ಅಂದ ಮೇಲೆ ನಿಲ್ಲಿಸೋಕೇ ಆಗಲಿಲ್ಲ, ನಿಂಬೆವ್ವ, ನಿಂಬೆವ್ವ ಅಂತ ಅಳ್ತಾ ನಗ್ತಾ ತೊಟ್ಟಿಲು ತೂಗಿದ್ಲಂತೆ.

ಕೂಸು ಉಳೀತಾ ಅಂತ ಕೇಳ್ತಿದ್ದೀಯಾ? ಉಳೀದೆ ಏನು. ಹಲ್ಲು ಬಂತು, ಹೆಜ್ಜೆ ಇಡ್ತು, ನಿನ್ನ ಹಂಗೇ ಮಲಗಿದಾಗ ಒದೆಯೋದು ಕಲೀತು. ಕೆಂಚವ್ವನ ಗಾಣ ಗರಗರ ಆಡ್ತು. ಅವಳು ಗುಡ್ಡದ ಬಟ್ಟೇಲಿ ಹೊಲಿದ ಕೌದಿ ತವರಿಗೆ ಇಳಿಯೋದು, ತವರ ಬಟ್ಟೇಲಿ ಹೊಲಿದ ಕೌದಿ ಗುಡ್ಡದ ಮನೆಮನೆಗೆ ಹೋಗೋದು, ಕಂಬಳಿ ಅಜ್ಜನೂ ಒಂದು ಕೇಳಿ ಇಸ್ಕೊಂಡನಂತೆ, ಯಾರಿಗೂ ಹೇಳಬೇಡ ಅಂತ.

ಆ ಹುಡುಗಿ ದೊಡ್ಡವಳಾಗಿ, ಸುಗ್ಗಿ ಮುಗಿದ ಕೂಡಲೇ ಕುಸುಬೆ ಗಾಡಿ ಹತ್ತಿ ಗುಡ್ಡಕ್ಕೆ ಬರೋಳಂತೆ. ಬಂದು ಊರಾಚೆ ಸೋಮಕ್ಕನ ಬಾಗಿಲಲ್ಲಿ ನಿಂತು, ಅವ್ವಾ, ಬಾಗಿಲು ತೆಗಿ, ನಿಂಬೆವ್ವ ಬಂದಿದ್ದೀನಿ ಅಂತ ಕೂಗೋಳಂತೆ. ಸೋಮಕ್ಕ ಕೈಲಿದ್ದ ಕೆಲಸ ಅಲ್ಲೇ ಬಿಟ್ಟು ಓಡಿಬಂದು ಬಾಗಿಲು ತೆಗೆಯೋಳಂತೆ.

ಅವರು ಅಲ್ಲಿ ಸುಖವಾಗಿದ್ರು, ನಾವು ಇಲ್ಲಿ ಬೆಚ್ಚಗಿದ್ದೀವಿ, ಕತೆಯೂ ಮುಗೀತು. ಹೂಂ ಅನ್ನೇ... ಮಲಗಿಬಿಟ್ಲು.